ಸಜ್ಜಿಗೆಯ ಜಗಳ ಮತ್ತು ನಾನು ಬರೆದ ಮೂರು ಕ್ಷಮಾಪಣೆಗಳು

ಟೀಚರ್ ಅಂದು ಬರೆದದ್ದು ಎರಡೇ ಸಾಲು. “ಇವತ್ತು ನಮ್ಮಲ್ಲಿ ಬೆಳಗ್ಗೆ ಸಜ್ಜಿಗೆ. ಸಾಸಿವೆ, ಉದ್ದಿನಬೇಳೆ, ಹಸಿಮೆಣಸು, ಬೇವಿನಸೊಪ್ಪು ಹಾಕಿ ಒಗ್ಗರಣೆ ಕೊಟ್ಟು, ಇಳಿಸುವಾಗ ಒಂದು ಹಿಡಿ ತೆಂಗಿನತುರಿ.” ಅದರ ಕೆಳಗೆ ನಾನು ಮೂರು ಸಾಲು ಬರೆದೆ. “ಸಜ್ಜಿಗೆ ಎಂದರೆ ಸಿಹಿ. ಖಾರದ್ದನ್ನು ಉಪ್ಪಿಟ್ಟು ಎನ್ನುತ್ತಾರೆ. ಪದದ ಅರ್ಥ ತಿಳಿದುಕೊಂಡು ಬರೆದರೆ ಎಲ್ಲರಿಗೂ ಒಳ್ಳೆಯದು.” ಬರೆದು, ಮೊಬೈಲ್ ಪಕ್ಕಕ್ಕಿಟ್ಟು ಕೆಲಸಕ್ಕೆ ಕುಳಿತೆ. ಮಧ್ಯಾಹ್ನ ನೋಡಿದಾಗ ನನ್ನ ಮಾತಿಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು. ಟೀಚರ್ ಏನೂ ಬರೆದಿರಲಿಲ್ಲ.

ಮೈಸೂರಿನಲ್ಲಿ ಕರಡು ತಿದ್ದುವುದು ನನ್ನ ಕೆಲಸ, ಇಪ್ಪತ್ತೆರಡು ವರ್ಷಗಳಾದವು. 2017ರಲ್ಲಿ ನಾಲ್ಕೈದು ಗೆಳತಿಯರು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಕಟ್ಟಿದೆವು. ಅಡುಗೆಮನೆಯಲ್ಲಿ, ಹೊಲದಲ್ಲಿ, ಕಸುಬಿನಲ್ಲಿ ಬಳಕೆಯಲ್ಲಿದ್ದು ಪುಸ್ತಕಕ್ಕೆ ಬಾರದ ಪದಗಳನ್ನು ಊರೂರಿನವರಿಂದ ಕೇಳಿ ಬರೆದಿಡುವುದು ಉದ್ದೇಶ. ಈಗ ಅಲ್ಲಿ ಇನ್ನೂರ ಎಂಬತ್ತು ಜನರಿದ್ದಾರೆ. ಬೀದರಿನವರಿದ್ದಾರೆ, ಚಾಮರಾಜನಗರದವರಿದ್ದಾರೆ, ದುಬೈಯಲ್ಲಿ ಕುಳಿತು ತಮ್ಮ ಅಜ್ಜಿಯ ಮಾತನ್ನು ನೆನಪಿಸಿಕೊಂಡು ಬರೆಯುವವರೂ ಇದ್ದಾರೆ. ಮಾತಿನ ಬಗ್ಗೆ ಇಷ್ಟೊಂದು ಪ್ರೀತಿ ಇರುವವರು ಒಂದೆಡೆ ಸೇರಿದ ಮೇಲೆ ಜಗಳಗಳು ಆಗಿಯೇ ಆಗುತ್ತವೆ. ಗುಂಪನ್ನು ನೋಡಿಕೊಳ್ಳುವವಳು ನಾನೇ ಆದ್ದರಿಂದ ಅವನ್ನು ಬಿಡಿಸುವ ಕೆಲಸವೂ ನನಗೇ ಬಂತು. ಅದನ್ನು ಹೇಗೆ ಕಲಿತೆ ಎಂದು ಹೇಳಬೇಕಾದರೆ ಸಜ್ಜಿಗೆಯಿಂದಲೇ ಶುರುಮಾಡಬೇಕು. ಅಲ್ಲಿ ತಪ್ಪು ನನ್ನದು.

ಟೀಚರ್ ಪುತ್ತೂರು ಕಡೆಯವರು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಗುಂಪಿಗೆ ಬಂದು ಮೂರೇ ತಿಂಗಳಾಗಿತ್ತು. ಅದೇ ಸಂಜೆ ಮಂಗಳೂರಿನ ಒಬ್ಬ ಹುಡುಗ ನನಗೆ ಖಾಸಗಿಯಾಗಿ ಬರೆದ: “ಅಕ್ಕ, ನಮ್ಮ ಕಡೆ ಉಪ್ಪಿಟ್ಟಿಗೆ ಸಜ್ಜಿಗೆ ಎಂದೇ ಹೆಸರು. ಹೋಟೆಲಿಗೆ ಹೋದರೆ ಸಜ್ಜಿಗೆ ಬಜಿಲ್ ಕೇಳಿ ತಿನ್ನುತ್ತೇವೆ. ಟೀಚರ್ ಬರೆದದ್ದು ಸರಿ ಇದೆ.” ಬಜಿಲ್ ಎಂದರೆ ತುಳುವಿನಲ್ಲಿ ಅವಲಕ್ಕಿ. ಖಾರದ ಅವಲಕ್ಕಿಯನ್ನು ಸಜ್ಜಿಗೆಯ ಜೊತೆ ಕಲಸಿಕೊಂಡು ತಿನ್ನುವುದು ಅಲ್ಲಿನ ಬೆಳಗಿನ ತಿಂಡಿ. ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸಜ್ಜಿಗೆ ಎಂದರೆ ರವೆಯನ್ನು ತುಪ್ಪದಲ್ಲಿ ಹುರಿದು ಸಕ್ಕರೆ ಹಾಕಿ ಮಾಡುವ ಸಿಹಿ, ಸತ್ಯನಾರಾಯಣ ಪೂಜೆಯ ಪ್ರಸಾದದ ಹಾಗೆ. ಊರೂರಿನ ಪದ ಕೂಡಿಸಲು ಕಟ್ಟಿದ ಗುಂಪಿನಲ್ಲಿ, ಒಂದು ಊರಿನ ಪದ ಬಂದು ನಿಂತಾಗ ನಾನು ಕೆಂಪು ಶಾಯಿ ಹಿಡಿದು ಅದನ್ನು ಹೊಡೆದುಹಾಕಿದ್ದೆ.

ಹುಡುಗನ ಸಂದೇಶ ಓದಿದ ಕೂಡಲೇ ಬರೆದ ಮೊದಲ ಕ್ಷಮಾಪಣೆ ಹೀಗಿತ್ತು: “ಬೆಳಗಿನ ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ.”

ಕಳಿಸುವ ಗುಂಡಿಯ ಮೇಲೆ ಬೆರಳಿತ್ತು. ಅದೃಷ್ಟಕ್ಕೆ ಒಲೆಯ ಮೇಲೆ ಹಾಲಿತ್ತು, ಎದ್ದು ಹೋದೆ. ಬಂದು ಮತ್ತೆ ಓದಿದಾಗ ಬೇರೆಯವರ ಕರಡು ಓದುವಂತೆ ಓದಿದೆ. ‘ಯಾರಿಗಾದರೂ’ ಏಕೆ? ಯಾರಿಗೆ ಎಂದು ನನಗೆ ಚೆನ್ನಾಗಿ ಗೊತ್ತು. ‘ನೋವಾಗಿದ್ದರೆ’ ಏಕೆ? ಮೂರು ತಿಂಗಳಿನಿಂದ ದಿನವೂ ಬರೆಯುತ್ತಿದ್ದವರು ಬೆಳಗ್ಗೆಯಿಂದ ಸುಮ್ಮನಿದ್ದಾರೆ, ನೋವಾಗಿದೆ. ‘ಕ್ಷಮೆ ಇರಲಿ’ ಎಂದರೆ ಆ ಕ್ಷಮೆ ಎಲ್ಲಿ ಇರಬೇಕು, ಯಾರು ಇಡಬೇಕು? ಇಡೀ ವಾಕ್ಯದಲ್ಲಿ ಮಾಡಿದವಳೂ ಇಲ್ಲ, ಅನುಭವಿಸಿದವರೂ ಇಲ್ಲ. ಸಭೆಗಳಲ್ಲಿ ವಂದನಾರ್ಪಣೆಯ ಕೊನೆಗೆ ‘ಹೆಸರು ಬಿಟ್ಟುಹೋಗಿದ್ದರೆ ಕ್ಷಮೆ ಇರಲಿ’ ಎನ್ನುವವರಿಗೆ ಅದು ಸಾಕು. ಒಬ್ಬ ಹಿರಿಯ ಹೆಂಗಸಿಗೆ ಎಲ್ಲರೆದುರು ‘ಅರ್ಥ ತಿಳಿದುಕೊಂಡು ಬರೆಯಿರಿ’ ಎಂದವಳಿಗೆ ಸಾಲದು. ಅಳಿಸಿದೆ.

ಎರಡನೆಯದು: “ಟೀಚರ್, ತಪ್ಪಾಯಿತು. ಬೆಳಗ್ಗೆ ಕೆಲಸದ ಒತ್ತಡದಲ್ಲಿ ಸ್ವಲ್ಪ ಖಾರವಾಗಿ ಬರೆದುಬಿಟ್ಟೆ. ಆದರೆ ನಮ್ಮ ಕಡೆ ಸಜ್ಜಿಗೆ ಎಂದರೆ ಸಿಹಿಯೇ.”

‘ತಪ್ಪಾಯಿತು’ ನಮ್ಮ ಭಾಷೆಯ ಬಹಳ ಒಳ್ಳೆಯ ಮಾತು. ನಮ್ಮಜ್ಜಿ ಕಾಲು ತಾಗಿದರೆ, ದೇವರ ಹೂವು ಬಿದ್ದರೆ, ಸೊಸೆಯನ್ನು ಸುಮ್ಮನೆ ಬೈದಿದ್ದೇನೆ ಎಂದು ಅನಿಸಿದರೆ, ‘ತಪ್ಪಾಯಿತು’ ಎಂದು ಗಲ್ಲ ಮುಟ್ಟಿಕೊಳ್ಳುತ್ತಿದ್ದರು. ಆ ಕೈ, ಆ ತಗ್ಗಿದ ತಲೆ, ಇಳಿದ ದನಿ ಸೇರಿ ಮಾತು ಪೂರ್ತಿಯಾಗುತ್ತಿತ್ತು. ಪರದೆಯ ಮೇಲೆ ಅದಾವುದೂ ಕಾಣುವುದಿಲ್ಲ. ಬರಿಯ ವ್ಯಾಕರಣ ಉಳಿಯುತ್ತದೆ. ವ್ಯಾಕರಣದಲ್ಲಿ ನೋಡಿದರೆ ಮಳೆಯಾಯಿತು, ಬೆಳಗಾಯಿತು, ತಪ್ಪಾಯಿತು, ಎಲ್ಲವೂ ತಮ್ಮಷ್ಟಕ್ಕೆ ಆದವು. ‘ಬರೆದುಬಿಟ್ಟೆ’ ಎಂಬಲ್ಲಿನ ‘ಬಿಟ್ಟೆ’ ಕೂಡ ಅಷ್ಟೇ. ಕೈತಪ್ಪಿ ಬಿದ್ದ ಲೋಟದ ಬಗ್ಗೆ ಹೇಳುವ ರೀತಿ. ನಾನು ಬೇಕೆಂದೇ, ಯೋಚಿಸಿ, ಆ ಮೂರನೆಯ ಸಾಲನ್ನು ಬರೆದಿದ್ದೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಳ್ಳುವ ಆ ‘ಆದರೆ’ಯ ಬಗ್ಗೆ ಹೇಳುವುದೇ ಬೇಡ. ‘ಆದರೆ’ ಬಂದ ಮೇಲೆ ಅದರ ಹಿಂದಿನದೆಲ್ಲ ಮುನ್ನುಡಿಯಾಗುತ್ತದೆ. ಓದುವವರಿಗೆ ಉಳಿಯುವುದು ಅದರ ಮುಂದಿನ ಮಾತು. ಅದನ್ನೂ ಅಳಿಸಿದೆ. ರಾತ್ರಿ ಏನೂ ಕಳಿಸಲಿಲ್ಲ.

ಮರುದಿನ ಬೆಳಗ್ಗೆ, ಟೀಚರ್ ಸಾಮಾನ್ಯವಾಗಿ ಬರೆಯುವ ಹೊತ್ತಿಗೆ, ಮೂರನೆಯದನ್ನು ಗುಂಪಿನಲ್ಲಿಯೇ ಹಾಕಿದೆ:

“ಪುತ್ತೂರಿನ ಟೀಚರ್ ಅವರಿಗೆ. ನಿನ್ನೆ ನೀವು ಸಜ್ಜಿಗೆಯ ಬಗ್ಗೆ ಬರೆದದ್ದು ಸರಿಯಾಗಿತ್ತು. ದಕ್ಷಿಣ ಕನ್ನಡ, ಉಡುಪಿ ಕಡೆ ಉಪ್ಪಿಟ್ಟಿಗೆ ಆ ಹೆಸರಿದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿಯದೆ ಇದ್ದಾಗ ಕೇಳಬೇಕಿತ್ತು. ಕೇಳದೆ ತಿದ್ದಿದೆ. ‘ಪದದ ಅರ್ಥ ತಿಳಿದುಕೊಂಡು ಬರೆದರೆ’ ಎಂದು ಇಷ್ಟು ಜನರ ಎದುರಿಗೆ ಬರೆದು ನಿಮ್ಮನ್ನು ಅವಮಾನಿಸಿದೆ. ಅದು ನಾನು ಮಾಡಿದ ತಪ್ಪು. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ನಮ್ಮ ಪದಪಟ್ಟಿಯಲ್ಲಿ ಸಜ್ಜಿಗೆಗೆ ನೀವು ಹೇಳಿದ ಅರ್ಥವನ್ನು ನಿಮ್ಮ ಮಾತಿನಲ್ಲೇ ಸೇರಿಸಿದ್ದೇನೆ. ಇನ್ನು ಮುಂದೆ ಯಾರ ಊರಿನ ಪದವನ್ನೂ ‘ಯಾವ ಊರಿನಲ್ಲಿ?’ ಎಂದು ಕೇಳದೆ ತಿದ್ದುವುದಿಲ್ಲ. ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ.”

ಗುಂಪಿನಲ್ಲೇ ಏಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು ಎಂದಳು. ನಾನು ಒಪ್ಪುವುದಿಲ್ಲ. ಇನ್ನೂರ ಎಂಬತ್ತು ಜನರ ಮುಂದೆ ಬೈದು, ಬಾಗಿಲು ಹಾಕಿಕೊಂಡು ಕ್ಷಮೆ ಕೇಳಿದರೆ, ಮಿಕ್ಕ ಇನ್ನೂರ ಎಪ್ಪತ್ತೆಂಟು ಜನರ ಮನಸ್ಸಿನಲ್ಲಿ ಅವರು ಅರ್ಥ ತಿಳಿಯದವರಾಗಿಯೇ ಉಳಿಯುತ್ತಾರೆ. ಎಲ್ಲಿ ಚೆಲ್ಲಿದ್ದೇವೋ ಅಲ್ಲೇ ಒರೆಸಬೇಕು. ಫೋನಿನ ಬಗ್ಗೆ ನನಗೆ ಇನ್ನೊಂದು ಹಿಂಜರಿಕೆಯಿದೆ. ನಮ್ಮ ಜನ, ಅದರಲ್ಲೂ ಆ ವಯಸ್ಸಿನ ಹೆಂಗಸರು, ಫೋನಿನಲ್ಲಿ ಯಾರಾದರೂ ಕ್ಷಮೆ ಕೇಳಿದರೆ ‘ಅಯ್ಯೋ, ಪರವಾಗಿಲ್ಲ ಬಿಡಿ’ ಎಂದು ತಕ್ಷಣ ಹೇಳುತ್ತಾರೆ. ಅದು ಮರ್ಯಾದೆಯ ಮಾತು. ಮನೆಗೆ ಬಂದವರಿಗೆ ‘ಕಾಫಿ ಕುಡಿದುಕೊಂಡು ಹೋಗಿ’ ಎನ್ನುವ ಹಾಗೆ ಬಾಯಿಗೆ ಬರುತ್ತದೆ. ಅದನ್ನೇ ಕ್ಷಮೆ ಎಂದುಕೊಂಡು ನಾವು ಹಗುರಾಗುತ್ತೇವೆ. ಅವರ ಮನಸ್ಸಿನ ಭಾರ ಅಲ್ಲೇ ಇರುತ್ತದೆ. ಬರೆದ ಮಾತಾದರೆ ಅವರು ನಾಲ್ಕು ಸಲ ಓದಬಹುದು, ಎರಡು ದಿನ ಬಿಟ್ಟು ಉತ್ತರ ಕೊಡಬಹುದು, ಕೊಡದೆಯೂ ಇರಬಹುದು.

ನನ್ನ ಹಳೆಯ ಮೂರು ಸಾಲುಗಳನ್ನು ಅಳಿಸಲಿಲ್ಲ. 2023ರಿಂದ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಲು ಆಗುತ್ತದೆ. ಆ ಹೊತ್ತು ಎಂದೋ ಮೀರಿತ್ತು. ಎಲ್ಲರಿಗೂ ಕಾಣದಂತೆ ಅಳಿಸಲು ಇನ್ನೂ ಸಮಯವಿತ್ತು. ಅಳಿಸಿದರೆ ಆ ಜಾಗದಲ್ಲಿ ‘ಸಂದೇಶವನ್ನು ಅಳಿಸಲಾಗಿದೆ’ ಎಂಬ ಗುರುತು ನಿಲ್ಲುತ್ತದೆ. ಓದದವರು ಅಲ್ಲಿ ಇನ್ನೂ ಕೆಟ್ಟದ್ದೇನೋ ಇತ್ತು ಎಂದುಕೊಳ್ಳುತ್ತಾರೆ, ಓದಿದವರು ನಾನು ಜಾರಿಕೊಂಡೆ ಎಂದುಕೊಳ್ಳುತ್ತಾರೆ. ಕ್ಷಮಾಪಣೆಗೂ ವಿಳಾಸವಿಲ್ಲದಂತಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಬಾಯಿಮಾತಿನ ಕಾಲದ್ದು. ಇಲ್ಲಿ ಆಡಿದ ಮಾತು ಹೋಗುವುದಿಲ್ಲ, ಇನ್ನೂರ ಎಂಬತ್ತು ಮೊಬೈಲುಗಳಲ್ಲಿ ಹಾಗೇ ಕುಳಿತಿರುತ್ತದೆ. ನಾನು ಅಳಿಸುವುದು ಒಂದೇ ಸಂದರ್ಭದಲ್ಲಿ: ಬರೆದದ್ದರಲ್ಲಿ ಯಾರದಾದರೂ ಮನೆಯ ವಿಷಯ, ಕಾಯಿಲೆಯ ವಿಷಯ ಇದ್ದರೆ. ಅದನ್ನು ಸಾಕ್ಷಿಗಾಗಿ ಉಳಿಸುವುದು ಮತ್ತೊಮ್ಮೆ ನೋಯಿಸಿದಂತೆ.

ಆ ಮೇಲೆ ತಿಳಿದದ್ದೊಂದನ್ನು ಇಲ್ಲೇ ಹೇಳುತ್ತೇನೆ. 2016ರಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು ಕ್ಷಮಾಪಣೆಯನ್ನು ಆರು ಭಾಗ ಮಾಡಿ ಜನರ ಮುಂದಿಟ್ಟು ನೋಡಿದ್ದರು: ವಿಷಾದ, ಏಕೆ ಹೀಗಾಯಿತು ಎಂಬ ವಿವರಣೆ, ತಪ್ಪು ತನ್ನದೆಂಬ ಒಪ್ಪಿಗೆ, ಪಶ್ಚಾತ್ತಾಪ, ಸರಿಪಡಿಸುವ ಮಾತು, ಕ್ಷಮಿಸಿ ಎಂಬ ಕೋರಿಕೆ. ಜನರ ಮೇಲೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ತಪ್ಪು ತನ್ನದೆಂಬ ಒಪ್ಪಿಗೆ, ಅದರ ನಂತರ ಸರಿಪಡಿಸುವ ಮಾತು. ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದ್ದು ಕ್ಷಮಿಸಿ ಎಂಬ ಕೋರಿಕೆ. ಓದಿದಾಗ ನನಗೆ ‘ಕ್ಷಮೆ ಇರಲಿ’ ನೆನಪಾಯಿತು. ನಾವು ಎಲ್ಲಕ್ಕಿಂತ ಬಲವಿಲ್ಲದ ಭಾಗವನ್ನೇ ಇಟ್ಟುಕೊಂಡು ಮಿಕ್ಕ ಐದನ್ನೂ ಬಿಟ್ಟುಬಿಡುತ್ತೇವೆ.

ಟೀಚರ್ ಎರಡು ದಿನದ ನಂತರ ನನಗೊಬ್ಬಳಿಗೇ ಬರೆದರು. “ನೀವು ಬರೆದದ್ದು ಓದಿದೆ. ಬೇಸರ ಆದದ್ದು ಹೌದು. ನೀವು ಜೋರು ಮಾಡಿದ್ದಕ್ಕಿಂತ ಹೆಚ್ಚು, ಬೇರೆ ಒಂದು ಕಾರಣಕ್ಕೆ. ನನ್ನ ಮೊಮ್ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಸಜ್ಜಿಗೆ ಎಂದು ಹೇಳುವುದಕ್ಕೆ ನಾಚುತ್ತಾರೆ. ಶಾಲೆಯಲ್ಲಿ ನಗುತ್ತಾರಂತೆ. ಇಲ್ಲಿ ಬರೆದರೆ ನಗುವವರಿಲ್ಲ ಎಂದುಕೊಂಡಿದ್ದೆ.”

ನಾನು ಕ್ಷಮೆ ಕೇಳಿದ್ದು ಒಂದು ಗಾಯಕ್ಕೆ. ಅವರಿಗೆ ಆಗಿದ್ದು ಅದರ ಅಡಿಯಲ್ಲಿದ್ದ ಇನ್ನೊಂದು ಗಾಯ. ನನ್ನ ಸಂದೇಶದಲ್ಲಿ ಅದರ ಸುಳಿವೇ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಅಂದಿನಿಂದ ನಾನು ಜಗಳ ಬಿಡಿಸುವಾಗ ಯಾರು ಸರಿ ಎಂದು ಮೊದಲು ಕೇಳುವುದಿಲ್ಲ. ‘ಯಾವ ಸಾಲು ನಿಮಗೆ ನೋವು ಮಾಡಿತು? ಅದನ್ನು ಹಾಗೇ ನಕಲಿಸಿ ಕಳಿಸಿ’ ಎಂದು ಇಬ್ಬರಿಗೂ ಬೇರೆಬೇರೆಯಾಗಿ ಬರೆಯುತ್ತೇನೆ. ಬರುವ ಸಾಲು ಬಹಳ ಸಲ ನಾನು ಊಹಿಸಿದ್ದು ಆಗಿರುವುದಿಲ್ಲ. ಅದನ್ನು ಬರೆದವರಿಗೆ ತೋರಿಸಿದರೆ ‘ಇದಾ? ಇದನ್ನು ನಾನು ಆ ಅರ್ಥದಲ್ಲಿ ಬರೆಯಲೇ ಇಲ್ಲ’ ಎನ್ನುತ್ತಾರೆ. ಅವರೂ ನಿಜವನ್ನೇ ಹೇಳುತ್ತಿರುತ್ತಾರೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇ–ಮೇಲ್ ಬರೆದವರು ತಮ್ಮ ಮಾತು ಚುಚ್ಚುಮಾತೋ ಗಂಭೀರವೋ ಎಂಬುದು ಓದುವವರಿಗೆ ನೂರಕ್ಕೆ 78 ಸಲ ತಿಳಿಯುತ್ತದೆ ಎಂದು ನಂಬಿದ್ದರು. ತಿಳಿದದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲಿ ಕೇಳುತ್ತಿರುತ್ತದೆ. ಓದುವವರಿಗೂ ಅದೇ ಕೇಳುತ್ತದೆ ಎಂದುಕೊಳ್ಳುತ್ತೇವೆ.

ಕನ್ನಡದಲ್ಲಿ ಇದಕ್ಕೆ ಒಂದು ವಿಶೇಷ ಗುರುತಿದೆ. ಜಗಳ ಏರುತ್ತಿದೆ ಎಂದು ನನಗೆ ಮೊದಲು ತಿಳಿಯುವುದು ಬೈಗುಳದಿಂದಲ್ಲ, ಮರ್ಯಾದೆ ಹೆಚ್ಚಾಗುವುದರಿಂದ. ದಿನವೂ ‘ನೀವು’ ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ‘ತಾವು’ ಎನ್ನಲು ಶುರುಮಾಡುತ್ತಾರೆ. ‘ತಾವು ದೊಡ್ಡವರು, ತಮಗೆ ತಿಳಿಯದ್ದು ಏನಿದೆ’ ಎಂಬ ಸಾಲು ಬಂತೆಂದರೆ, ಅಲ್ಲಿಗೆ ವಿಷಯ ಮುಗಿದು ವ್ಯಕ್ತಿಯ ಮೇಲೆ ಮಾತು ತಿರುಗಿದೆ ಎಂದು ಅರ್ಥ. ‘ಸಾರ್’, ‘ಮೇಡಂ’ಗಳ ಮುಂದೆ ‘ಸನ್ಮಾನ್ಯ’ ಸೇರಿದರೆ ಇನ್ನೂ ಅಪಾಯ. ಆಗ ನಾನು ಕೆಲಸ ಬಿಟ್ಟು ಮೊಬೈಲ್ ಕೈಗೆತ್ತಿಕೊಳ್ಳುತ್ತೇನೆ. ‘ನೀನು’ಗೆ ಇಳಿಯುವ ತನಕ ಕಾದರೆ ತಡವಾಗಿರುತ್ತದೆ.

ಒಂದು ಸಲ ಮೊಬೈಲ್ ಎಂಬ ಪದದ ಬಗ್ಗೆಯೇ ಜಗಳ ಹತ್ತಿತು. ಒಬ್ಬ ಯುವಕ ‘ಅಲೆಯುಲಿ’ ಎಂದು ಬರೆಯುತ್ತಿದ್ದ, ಸ್ಮಾರ್ಟ್‌ಫೋನಿಗೆ ‘ಚೂಟಿಯುಲಿ’. ಅಚ್ಚಗನ್ನಡದ ಬೇರುಗಳಿಂದ ಹೊಸ ಪದ ಕಟ್ಟುವವರ ಬಳಕೆಯಲ್ಲಿ ಇವು ಇವೆ. ಹಿರಿಯರೊಬ್ಬರು ‘ಇಂಥ ಪದಗಳನ್ನು ಯಾವ ಊರಿನಲ್ಲಿ ಮಾತಾಡುತ್ತಾರೆ, ತಾವು ದಯಮಾಡಿ ತಿಳಿಸಬೇಕು’ ಎಂದರು. ‘ಸಂಚಾರಿ ದೂರವಾಣಿ ಎಂದು ಯಾವ ಊರಿನ ಸಂತೆಯಲ್ಲಿ ಹೇಳುತ್ತಾರೋ ಅದೇ ಊರಿನಲ್ಲಿ’ ಎಂದ ಯುವಕ. ಅರ್ಧ ಗಂಟೆಯಲ್ಲಿ ನಲವತ್ತು ಸಂದೇಶಗಳಾದವು. ನಾನು ಇಬ್ಬರಿಗೂ ಒಂದೇ ಕೆಲಸ ಕೊಟ್ಟೆ: ಎದುರಿನವರ ವಾದವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ, ಅವರು ಓದಿ ‘ಹೌದು, ನಾನು ಹೇಳಿದ್ದು ಇದೇ’ ಎನ್ನಬೇಕು. ಯುವಕನ ಮೊದಲ ಬರಹವನ್ನು ಹಿರಿಯರು ಒಪ್ಪಲಿಲ್ಲ. ಅದರಲ್ಲಿ ಅವರು ಸಂಸ್ಕೃತದ ಪಕ್ಷಪಾತಿಯಾಗಿದ್ದರು. ಎರಡನೆಯದರಲ್ಲಿ ಆತ ಬರೆದ: “ಜನ ಆಡುವ ಪದ ಮೊದಲು, ಕಟ್ಟಿದ ಪದ ಆಮೇಲೆ, ಈ ಗುಂಪು ಆಡುವ ಪದಗಳಿಗೆ ಮೀಸಲಾಗಿರಲಿ ಎನ್ನುವುದು ಅವರ ಕಾಳಜಿ.” ಹಿರಿಯರು ‘ಹೌದಪ್ಪ, ಇಷ್ಟೇ’ ಎಂದರು. ‘ತಾವು’ ಹೋಗಿ ‘ಅಪ್ಪ’ ಬಂದದ್ದನ್ನು ನೋಡಿ ನನಗೆ ಉಸಿರು ಬಂತು. ಇಬ್ಬರ ಅಭಿಪ್ರಾಯವೂ ಬದಲಾಗಲಿಲ್ಲ. ಬದಲಾಗಬೇಕಾಗಿಯೂ ಇರಲಿಲ್ಲ.

ಇಷ್ಟೆಲ್ಲ ನಾನು ಕಲಿತದ್ದು ಒಂದು ಸೋಲಿನ ನಂತರ. ಅದನ್ನು ಬರೆಯುವುದು ಕಷ್ಟ, ಆದರೂ ಬರೆಯದೆ ಈ ಅನುಭವ ಪೂರ್ತಿಯಾಗುವುದಿಲ್ಲ. ಸಜ್ಜಿಗೆಗಿಂತ ಮೂರು ವರ್ಷ ಮೊದಲಿನ ಮಾತು.

ವಿಜಯಪುರ ಜಿಲ್ಲೆಯ ಒಬ್ಬ ರೈತರು ಗುಂಪಿನಲ್ಲಿದ್ದರು. ಓದಿದ್ದು ಹತ್ತನೆಯ ತರಗತಿ. ಒಕ್ಕಲುತನದ ಪದಗಳನ್ನು ಅವರಷ್ಟು ಚೆನ್ನಾಗಿ ವಿವರಿಸಿ ಬರೆದವರು ಇನ್ನೊಬ್ಬರಿಲ್ಲ. ಒಂದು ರಾತ್ರಿ ಮಹಾಪ್ರಾಣದ ಚರ್ಚೆ ಎದ್ದಿತು. ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಮಹಾಪ್ರಾಣ ಇಲ್ಲ, ಹಾಗಾಗಿ ಬರಹದಲ್ಲಿಯೂ ಬೇಡ ಎಂಬುದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರ ವಾದ. ತಮ್ಮ ಹೆಸರನ್ನೇ ಅವರು ‘ಬಟ್’ ಎಂದು ಬರೆದುಕೊಂಡರು. ರೈತರಿಗೆ ಆ ವಾದ ಹಿಡಿಸಿತ್ತು. ‘ನಮ್ಮ ಮಕ್ಕಳು ಮಾತಾಡಿದಂತೆ ಬರೆದರೆ ಅಂಕ ಕಡಿಯುತ್ತಾರೆ, ಇದು ಸರಿಯಲ್ಲ’ ಎಂದು ಬರೆದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬರು ‘ಧನಕ್ಕೂ ದನಕ್ಕೂ ವ್ಯತ್ಯಾಸ ತಿಳಿಯದಂತಾಗುತ್ತದೆ’ ಎಂದರು. ಅಲ್ಲಿಯವರೆಗೂ ಚರ್ಚೆ ಚೆನ್ನಾಗಿಯೇ ಇತ್ತು. ಎರಡೂ ಕಡೆ ತೂಕದ ಮಾತಿತ್ತು. ನಂತರ ಅವರು ಇನ್ನೊಂದು ಸಾಲು ಸೇರಿಸಿದರು: “ನಾಲಿಗೆ ಹೊರಳದವರಿಗಾಗಿ ಭಾಷೆಯನ್ನು ಕೆಳಗಿಳಿಸಲು ಆಗುವುದಿಲ್ಲ.”

ರೈತರು ಸಿಟ್ಟಾದರು. ಅವರ ಸಿಟ್ಟಿನ ಭಾಷೆ ಒರಟಾಗಿತ್ತು. ಅದನ್ನು ಹಿಡಿದು ಬೇರೆಯವರು ಬಂದರು. ರಾತ್ರಿ ಹನ್ನೊಂದು ದಾಟಿತ್ತು, ನನಗೆ ಬೆಳಗ್ಗೆ ಒಂದು ಪುಸ್ತಕದ ಕೊನೆಯ ಕರಡು ಕೊಡಬೇಕಿತ್ತು. ಎರಡು ಕೈ ಸೇರಿದರೆ ಚಪ್ಪಾಳೆ ಎಂದುಕೊಂಡು ಬರೆದೆ: “ಇಬ್ಬರೂ ಈಗಲೇ ಒಬ್ಬರಿಗೊಬ್ಬರು ಕ್ಷಮೆ ಕೇಳಿ ಇದನ್ನು ಮುಗಿಸಿ. ಇಲ್ಲದಿದ್ದರೆ ಇಬ್ಬರನ್ನೂ ಗುಂಪಿನಿಂದ ತೆಗೆಯುತ್ತೇನೆ.” ಐದು ನಿಮಿಷದಲ್ಲಿ ನಿವೃತ್ತರು ‘ಬೇಸರವಾಗಿದ್ದರೆ ಕ್ಷಮೆ ಇರಲಿ’ ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ ರೈತರು ‘ಕ್ಷಮಿಸಿ’ ಎಂದು ಒಂದೇ ಪದ ಬರೆದರು. ಗುಂಪಿನವರು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಹಾಕಿದರು. ನಾನು ಸಮಾಧಾನದಿಂದ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ರೈತರು ಗುಂಪು ಬಿಟ್ಟಿದ್ದರು.

ನಾನು ಮಾಡಿದ ತಪ್ಪುಗಳನ್ನು ಎಣಿಸಲು ನನಗೆ ಬಹಳ ದಿನ ಬೇಕಾಯಿತು. ಒಬ್ಬರು ಇನ್ನೊಬ್ಬರ ನಾಲಿಗೆಯನ್ನು, ಅಂದರೆ ಅವರ ತಾಯಿಯ ಮಾತನ್ನು ಹೀನವೆಂದರು. ಇನ್ನೊಬ್ಬರು ಅದಕ್ಕೆ ಸಿಟ್ಟಾದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮ ಎಂದು ತೂಗಿದವಳು ನಾನು. ದನಿ ಏರಿಸಿದವರು ಎಲ್ಲರಿಗೂ ಕಾಣುತ್ತಾರೆ. ಮೆಲುದನಿಯಲ್ಲಿ ಚುಚ್ಚಿದವರು ಕಾಣುವುದಿಲ್ಲ. ಬರಹದ ಭಾಷೆ ಸಲೀಸಾಗಿ ಬರುವವರಿಗೆ ಸಭ್ಯವಾಗಿ ಅವಮಾನಿಸುವ ಅನುಕೂಲವಿರುತ್ತದೆ. ಆ ಅನುಕೂಲವಿಲ್ಲದವರು ಒರಟರಂತೆ ಕಾಣುತ್ತಾರೆ. ಬೆದರಿಸಿ ಕೇಳಿಸಿದ ಕ್ಷಮೆ ಯಾರ ಗಾಯಕ್ಕೂ ಮದ್ದಾಗುವುದಿಲ್ಲ. ರೈತರ ಪಾಲಿಗಂತೂ ಅದು ಎರಡನೆಯ ಅವಮಾನ: ಬೈಸಿಕೊಂಡವರೂ ಅವರೇ, ಕ್ಷಮೆ ಕೇಳಬೇಕಾದವರೂ ಅವರೇ. ಇಷ್ಟೆಲ್ಲ ಆ ರಾತ್ರಿಯೇ ಮುಗಿಯಬೇಕು ಎಂಬ ಅವಸರ ಯಾರದು? ನನ್ನದು. ನನಗೆ ನಿದ್ದೆ ಬೇಕಿತ್ತು.

ಆ ನಂತರ ಗುಂಪಿಗೆ ಒಂದು ರೂಢಿ ತಂದೆ. ರಾತ್ರಿ ಹತ್ತರ ಮೇಲೆ ಜಗಳ ಹತ್ತಿದರೆ, ಗುಂಪು ನೋಡಿಕೊಳ್ಳುವವರು ಮಾತ್ರ ಬರೆಯುವಂತೆ ಬದಲಾಯಿಸಿ, ‘ಬೆಳಗ್ಗೆ ಏಳಕ್ಕೆ ತೆರೆಯುತ್ತೇನೆ, ಯಾರ ಮಾತನ್ನೂ ತೀರ್ಮಾನಿಸಿಲ್ಲ’ ಎಂದು ಒಂದು ಸಾಲು ಹಾಕುತ್ತೇನೆ. ಆ ಕೊನೆಯ ಭಾಗ ಮುಖ್ಯ. ಅದಿಲ್ಲದಿದ್ದರೆ ಕೊನೆಯ ಮಾತು ಯಾರದೋ ಅವರು ಗೆದ್ದಂತೆ ಆಗುತ್ತದೆ, ಇನ್ನೊಬ್ಬರು ರಾತ್ರಿಯೆಲ್ಲ ಉತ್ತರ ಕಟ್ಟುತ್ತ ಮಲಗುವುದಿಲ್ಲ. ಬೆಳಗ್ಗೆ ಮೇಲಿನಿಂದ ಓದುತ್ತ ಬಂದು ಮೊದಲ ಮುಳ್ಳು ಎಲ್ಲಿದೆ ಎಂದು ಹುಡುಕುತ್ತೇನೆ. ಸಿಕ್ಕರೆ ಅದನ್ನು ಬರೆದವರಿಗೆ ಖಾಸಗಿಯಾಗಿ ತೋರಿಸುತ್ತೇನೆ. ಕ್ಷಮೆ ಕೇಳಿ ಎಂದು ಮಾತ್ರ ಹೇಳುವುದಿಲ್ಲ. ‘ಈ ಸಾಲು ಅವರಿಗೆ ಹೀಗೆ ತಾಗಿದೆ’ ಎಂದಷ್ಟೇ ಹೇಳಿ ಬಿಡುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಕೇಳದಿದ್ದರೆ ‘ಆ ಮಾತು ಈ ಗುಂಪಿಗೆ ಸಲ್ಲದು’ ಎಂದು ನಾನೇ ಎಲ್ಲರೆದುರು ಹೇಳುತ್ತೇನೆ. ನೊಂದವರಿಗೆ ಬಹಳ ಸಲ ಅಷ್ಟು ಸಾಕಾಗುತ್ತದೆ: ನೋಡಿದವರು ಒಬ್ಬರಾದರೂ ಇದ್ದಾರೆ ಎಂಬುದು.

ರೈತರಿಗೆ ನಾನು ಪತ್ರ ಬರೆದೆ. ಗುಂಪಿನಲ್ಲಿ ಅವರಿಲ್ಲದಿದ್ದರೂ ಅಲ್ಲಿಯೂ ಬರೆದೆ. ಆ ರಾತ್ರಿ ಇಬ್ಬರನ್ನು ಸಮ ಮಾಡಿದ್ದು ನನ್ನ ಅನ್ಯಾಯವಾಗಿತ್ತು ಎಂದು. ಪತ್ರದಲ್ಲಿ ಮರಳಿ ಬನ್ನಿ ಎಂದು ಕರೆಯಲಿಲ್ಲ. ಕರೆದಿದ್ದರೆ ಆ ಕ್ಷಮೆಗೆ ನಾನು ಬೆಲೆ ಕೇಳಿದಂತಾಗುತ್ತಿತ್ತು. ಸಂದೇಶ ತಲುಪಿತು, ನೀಲಿ ಗುರುತು ಬಂತು. ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಇನ್ನೊಂದು ಸಲ ಬರೆಯೋಣ ಎಂದು ಕೈ ಎತ್ತಿ, ಇಳಿಸಿದೆ. ಕ್ಷಮಿಸದೆ ಇರುವುದೂ ಅವರ ಹಕ್ಕು. ಮತ್ತೆ ಮತ್ತೆ ಕೇಳುವುದು ನನ್ನ ಭಾರವನ್ನು ಅವರ ಮನೆಯ ಬಾಗಿಲಿಗೆ ಒಯ್ದು ಇಳಿಸಿದಂತೆ.

ಟೀಚರ್ ಗುಂಪಿನಲ್ಲಿ ಒಂದು ತಿಂಗಳು ಬರೆಯಲಿಲ್ಲ. ನಾನು ಕಾದೆ. ಒಂದು ದಿನ ಬೆಳಗ್ಗೆ ಏಳೂವರೆಗೆ ಅವರ ಹೆಸರು ಕಂಡಿತು. ಬಜಿಲ್ ಎಂದರೇನು, ಅದಕ್ಕೆ ಮಸಾಲೆ ಹೇಗೆ, ತೆಂಗಿನತುರಿಯೊಂದಿಗೆ ಕಲಸುವಾಗ ಕೈಯಲ್ಲಿ ಎಷ್ಟು ಹಿಸುಕಬೇಕು ಎಂದು ಹನ್ನೆರಡು ಸಾಲು. ಕೆಳಗೆ ಹಾಸನದ ಒಬ್ಬರು ಕೇಳಿದರು: “ಇದಕ್ಕೆ ಬೇವಿನಸೊಪ್ಪು ಹಾಕಿದರೆ ಕಹಿಯಾಗುವುದಿಲ್ಲವೇ? ನಿಮ್ಮ ಊರಿನಲ್ಲಿ ಬೇವಿನಸೊಪ್ಪು ಎಂದರೆ ಯಾವುದು?” ಟೀಚರ್ ಬರೆದರು: “ನೀವು ಕರಿಬೇವು ಎನ್ನುವುದು.” ಆ ‘ನಿಮ್ಮ ಊರಿನಲ್ಲಿ’ ಎಂಬ ಎರಡು ಪದಗಳನ್ನು ನಾನು ಅಂದು ಹಲವು ಸಲ ಓದಿದೆ.

ಕಳೆದ ವಾರ ಗುಂಪಿಗೆ ಹೊಸದಾಗಿ ಬಂದ ಒಬ್ಬ ವಿದ್ಯಾರ್ಥಿನಿ ಹಗೇವು ಎಂದರೇನು ಎಂದು ಕೇಳಿದಳು. ನಮ್ಮ ಪದಪಟ್ಟಿಯಲ್ಲಿ ಅದಕ್ಕೆ ವಿಜಯಪುರದ ಆ ರೈತರು ಬರೆದ ವಿವರಣೆಯೇ ಇದೆ. ಒಂದು ಅಕ್ಷರವನ್ನೂ ನಾನು ತಿದ್ದಿಲ್ಲ. ಇದನ್ನು ಬರೆದವರು ಈಗ ಗುಂಪಿನಲ್ಲಿಲ್ಲ, ಅವರು ಹೋದದ್ದು ನನ್ನ ತಪ್ಪಿನಿಂದ ಎಂದು ಹೇಳಿ, ಹಾಗೆಯೇ ಕಳಿಸಿದೆ:

“ಹಗೇವು: ಜೋಳ ಕೂಡಿಡಲು ನೆಲದಲ್ಲಿ ತೋಡಿದ ಆಳವಾದ ಕುಣಿ. ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವರು. ತೆರೆದ ಕೂಡಲೇ ಒಳಗೆ ಇಳಿಯಬಾರದು. ಒಳ ಹೊಕ್ಕವರು ಉಸಿರುಗಟ್ಟಿ ಸತ್ತದ್ದುಂಟು. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಆಮೇಲೆ ಇಳಿಯಬೇಕು.”